ಸ್ಟೆಪ್ನಿಯನ್ನು ಕೆಡಿಸುವ ಯೋಜನೆ

ಏಪ್ರಿಲ್ 29, ಮಂಗಳವಾರ

ಇಂದು ಊಟದ ಹೊತ್ತಿನಲ್ಲಿ ನನಗೆ ಘೋರ ಅನ್ಯಾಯವಾಯಿತು. ಅದನ್ನು ಬರೆದಿಡುವುದು ನನ್ನ ಕರ್ತವ್ಯ. ಮುಂದೆ ನನ್ನ ಜೀವನಚರಿತ್ರೆ ಬರೆಯುವವರು ಸುಮ್ಮನೆ ಪರದಾಡಬಾರದು.

ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಪುಟ್ಟ ಕೋಣೆಯಿದೆ. ಒಳಗೆ ಓಡದ ಫ್ಯಾನು, ಕಾಲು ಮುರಿದ ಇಸ್ತ್ರಿ ಮೇಜು, ಅಪ್ಪನ ಒಣಗಿದ ಬಣ್ಣದ ಡಬ್ಬಿಗಳು. ಪರೀಕ್ಷೆ ಮುಗಿದ ಮೇಲೆ ಅದು ನನ್ನದು ಎಂದು ಮಾತಾಗಿತ್ತು. ಕೂತರೆ ಸೀನುವ ಕುರ್ಚಿ, ಮುಟ್ಟಿದರೆ ಆಕಳಿಸುವ ಬಾಗಿಲ ಗಂಟೆ ಮೊದಲಾದ ಲೋಕೋಪಯೋಗಿ ಸಾಧನಗಳು ಅಲ್ಲಿ ಜನ್ಮ ತಾಳಬೇಕಿತ್ತು. ಈಗ ಆ ಕೋಣೆ ಒಂದು ನಾಯಿಗೆ ಹೋಗುವ ಸೂಚನೆಗಳಿವೆ.

ನಾಯಿ ಮಾಮನದು. ಮಾಮ ಎಂದರೆ ಅಮ್ಮನ ಅಣ್ಣ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಒಂಟಿ ಮನುಷ್ಯ. ಈ ವರ್ಷ ಕಣ್ಣಿನ ಡಾಕ್ಟರು ಅವರ ಲೈಸೆನ್ಸಿಗೆ ಸಹಿ ಹಾಕಲಿಲ್ಲ. ಕಣ್ಣಿನ ಅಂಚಿನಲ್ಲಿ ಮಂಜು ಕಟ್ಟುತ್ತಿದೆಯಂತೆ. ಸ್ಕೂಲು ಮುಚ್ಚಿ, ಬೇರೆ ಊರಿನ ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಅವರು ಕೊಡುವ ಕೋಣೆಯಲ್ಲಿ ನಾಯಿ ಸಾಕುವ ಹಾಗಿಲ್ಲ. ಆದ್ದರಿಂದ ಶ್ರೀಯುತ ಸ್ಟೆಪ್ನಿಯವರು ಒಂದೋ ನಮ್ಮ ಮನೆಗೆ ದಯಮಾಡಿಸಬೇಕು, ಇಲ್ಲವೇ ಪಾರ್ಕಿಂಗ್ ಜಾಗದ ಗುತ್ತಿಗೆದಾರರ ಹತ್ತಿರ ಕಾವಲಿಗೆ ಸೇರಬೇಕು. ಅಲ್ಲಿ ಗೇಟಿನ ಪಕ್ಕ ತಗಡಿನ ಗೂಡು, ಸರಪಳಿ, ಎರಡು ಹೊತ್ತು ಊಟ. ಗೌರವದ ಹುದ್ದೆ ಎಂದೇ ನನ್ನ ಅಭಿಪ್ರಾಯ.

ಮಾಮನ ಸ್ಕೂಲಿನ ಕಾರಿನ ಹಳೆಯ ಸ್ಟೆಪ್ನಿ ಟೈರೊಂದರಲ್ಲಿ ಮರಿಯಾಗಿದ್ದಾಗ ಸಿಕ್ಕಿದ್ದರಿಂದ ಆ ಹೆಸರು. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿದೆ. ಬೊಗಳುವುದಿಲ್ಲ, ಹಾರುವುದಿಲ್ಲ, ನೆಕ್ಕುವುದಿಲ್ಲ. ‘ನ್ಯೂಟ್ರಲ್’ ಎಂದರೆ ಕೂರುತ್ತಾರೆ, ‘ಫಸ್ಟ್’ ಎಂದರೆ ನಡೆಯುತ್ತಾರೆ, ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡುತ್ತಾರೆ. ಊರಲ್ಲೆಲ್ಲ ಮಾಮನ ನಾಯಿಯೆಂದರೆ ಮಾದರಿ. “ನೋಡಿ ಕಲಿ” ಎಂದು ಇಂದು ಅಕ್ಕ ನನಗೆ ಮೂರು ಸಲ ಹೇಳಿದಳು.

ಅಮ್ಮನಿಗೆ ನಾಯಿಯೆಂದರೆ ಭಯ. ಆದರೂ ಅಣ್ಣನ ಮುಖ ನೋಡಿ ಒಂದು ದಾರಿ ಹುಡುಕಿದಳು. “ಹೇಗೂ ಕೆರೆ ದಂಡೆಗೆ ಕ್ಯಾಂಪಿಗೆ ಹೋಗ್ತಿದೀವಲ್ಲ, ಅದನ್ನೂ ಕರ್ಕೊಂಡು ಬಾ ಅಣ್ಣ. ಒಂದು ವಾರ ಜೊತೇಲಿದ್ದು ನೋಡ್ತೀನಿ. ಹೊಂದಿದ್ರೆ ನಮ್ಮನೆ. ಇಲ್ಲ ಅಂದ್ರೆ ಬೇಜಾರು ಮಾಡ್ಕೋಬಾರ್ದು.”

ಹೀಗಿರುವಲ್ಲಿ ನಾನು, ಈ ಮನೆಯ ಏಕಮಾತ್ರ ಪುತ್ರ, ಹಲ್ಲುಜ್ಜಿದ ಬಾಯಿಂದ ಪ್ರತಿಜ್ಞೆ ಮಾಡುತ್ತೇನೆ: ಕ್ಯಾಂಪು ಮುಗಿಯುವುದರೊಳಗೆ ಸ್ಟೆಪ್ನಿಯವರನ್ನು ಕೆಡಿಸಿಯೇ ತೀರುತ್ತೇನೆ.

ಮೇ 3, ಶನಿವಾರ

ಹೊರಟು ತಲುಪಿದೆವು. ಅಪ್ಪ ಅಂಗಡಿ ಬಿಟ್ಟು ಬರುವ ಹಾಗಿಲ್ಲ ಎಂದು ನೆಮ್ಮದಿಯಿಂದ ಮನೆಯಲ್ಲೇ ಉಳಿದರು.

ಮಾಮನ ಸ್ಕೂಲಿನ ಕಾರನ್ನು ಅಕ್ಕ ಓಡಿಸಿದಳು. ಅದರಲ್ಲಿ ಮೇಷ್ಟ್ರ ಸೀಟಿನ ಕೆಳಗೂ ಒಂದು ಬ್ರೇಕು ಇದೆ. ಅಕ್ಕ ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಕಾರು ತಾನಾಗಿ ನಿಧಾನವಾಗುತ್ತಿತ್ತು.

“ಮಾಮ, ಕಾಲು ತೆಗೀರಿ!”

“ನಾನೇನು ಮಾಡಿದೆ?”

“ಬ್ರೇಕ್ ಒತ್ತಿದ್ರಿ!”

“ಛೆ ಛೆ, ನಾನು ಕಿಟಕಿ ನೋಡ್ತಿದ್ದೆ.”

ಐದು ನಿಮಿಷಕ್ಕೆ ಮತ್ತೆ ಅದೇ ಜಗಳ. ಹಿಂದಿನ ಸೀಟಿನಲ್ಲಿ ಅಮ್ಮ ಒಂದು ಕಿಟಕಿಗೆ ಅಂಟಿಕೊಂಡು, ಸ್ಟೆಪ್ನಿಯವರು ಇನ್ನೊಂದು ಕಿಟಕಿಗೆ ಅಂಟಿಕೊಂಡು, ನಡುವೆ ನಾನು ಗಡಿರೇಖೆಯಂತೆ ಕುಳಿತೆ. ದಾರಿಯುದ್ದಕ್ಕೂ ಅವರ ಕಿವಿಯಲ್ಲಿ ಬೆಕ್ಕಿನ ಹಾಗೆ ಮಿಯಾಂವ್ ಎಂದೆ. ಅವರು ನನ್ನತ್ತ ನೋಡಿದ ನೋಟದಲ್ಲಿ ಕರುಣೆಯಿತ್ತು.

ಡೇರೆಗಳು ಎರಡು. ಹೆಂಗಸರಿಗೊಂದು, ನಮಗೊಂದು. ಸ್ಟೆಪ್ನಿಯವರು ಹೊರಗೆ, ಮಾಮನ ಷೂಗಳ ಪಕ್ಕ.

ಮೇ 4, ಭಾನುವಾರ

ಯೋಜನೆಯ ಮೊದಲ ದಿನ. ವರದಿ ಹೀಗಿದೆ.

ಬೆಳಿಗ್ಗೆ: ಕಳ್ಳತನದ ಪಾಠ. ಬ್ರೆಡ್ಡಿನ ಪೊಟ್ಟಣವನ್ನು ಬಿಚ್ಚಿ, ಎರಡು ಚೂರಿಗೆ ಬೆಣ್ಣೆ ಸವರಿ, ಮಾಮನ ಕುರ್ಚಿಯ ಎದುರು ಕೂತಿದ್ದ ಸ್ಟೆಪ್ನಿಯವರ ಮೂಗಿನ ಕೆಳಗೇ ಇಟ್ಟು ಮರದ ಹಿಂದೆ ಅಡಗಿದೆ. ಅವರು ಅದನ್ನು ಮೂಸಲಿಲ್ಲ. ಪಕ್ಕದಲ್ಲಿ ಕೂತು ಇರುವೆ ಬಾರದಂತೆ ಕಾದರು. ಹೇಗೆ ಕದಿಯಬೇಕೆಂದು ತೋರಿಸಲು ನಾನೇ ನಾಲ್ಕು ಕಾಲಿನ ಮೇಲೆ ಬಂದು ಒಂದು ಚೂರನ್ನು ಬಾಯಿಂದ ಎತ್ತಿದೆ. ಆ ಶುಭ ಗಳಿಗೆಯಲ್ಲೇ ಅಮ್ಮ ಹಿಂದೆ ಬಂದು ನಿಂತಿದ್ದಳು.

“ಕತ್ತೆ! ತಟ್ಟೆ ಇಲ್ವಾ ಮನೇಲಿ?”

“ಇದು ಮನೆ ಅಲ್ಲಮ್ಮ, ಕ್ಯಾಂಪು.”

“ನಾಯಿ ಕೂತಿದೆ ಮನುಷ್ಯರ ಹಾಗೆ. ನೀನು ನೋಡು, ನಾಯಿ ಹಾಗೆ.”

ಮಧ್ಯಾಹ್ನ: ಸುಳ್ಳು ಸಾಕ್ಷ್ಯ. ಅಕ್ಕನ ಎಡಗಾಲಿನ ಚಪ್ಪಲಿಯನ್ನು ಡೇರೆಯ ಗೂಟ ಕೀಳುವ ಇಕ್ಕಳದಿಂದ ಚೆನ್ನಾಗಿ ಕಚ್ಚಿಸಿ, ನೀರು ಚಿಮುಕಿಸಿ, ಸ್ಟೆಪ್ನಿಯವರ ಮುಂದೆ ಎಸೆದೆ. ನಂತರ ಎದೆ ಬಡಿದುಕೊಂಡು, “ಅಯ್ಯೋ ಅಕ್ಕ, ನೋಡೇ ಏನ್ಮಾಡಿದೆ!” ಎಂದು ಕೂಗಿದೆ. ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾಳೆ ಎಂಬ ಸಣ್ಣ ಸಂಗತಿ ಉತ್ಸಾಹದಲ್ಲಿ ಮರೆತುಹೋಗಿತ್ತು. ಅವಳು ಚಪ್ಪಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

“ಮೇಲಿನ ಹಲ್ಲು ಕೆಳಗಿನ ಹಲ್ಲು ಎರಡೂ ಚಪ್ಪಟೆ. ಕೋರೆಹಲ್ಲೇ ಇಲ್ಲ. ಲೋ ಕೋತಿ, ಇಂಥ ದವಡೆ ಇರೋ ಪ್ರಾಣಿ ಭೂಮಿ ಮೇಲೆ ಹುಟ್ಟಿಲ್ಲ. ಇಕ್ಕಳ ಎಲ್ಲಿ?”

ಶಿಕ್ಷೆಯಾಗಿ ಸಂಜೆಯ ಪಾತ್ರೆಗಳೆಲ್ಲ ನನ್ನ ಪಾಲು. ತೊಳೆಯುವಾಗ ಸ್ಟೆಪ್ನಿಯವರು ಬಂದು ಪಕ್ಕದಲ್ಲಿ ಕುಳಿತರು. ಅಣಕಿಸಲು ಬಂದರೆಂದು ತೋರುತ್ತದೆ. ಬೇರೆ ಯಾರೂ ಬರಲಿಲ್ಲ.

ಮೇ 6, ಮಂಗಳವಾರ

ನಿನ್ನೆ ಬರೆಯಲಿಲ್ಲ. ನಿನ್ನೆಯ ಪ್ರಯತ್ನಗಳೆಲ್ಲ ಇತಿಹಾಸಕ್ಕೆ ಯೋಗ್ಯವಲ್ಲ. ಒಂದರಲ್ಲಿ ನಾನು ಕೆಸರಿಗೆ ಬಿದ್ದೆ ಎಂದಷ್ಟೇ ಹೇಳಬಹುದು. ಸ್ಟೆಪ್ನಿ ನನ್ನ ಅಂಗಿಯ ತೋಳು ಹಿಡಿದು ಎಳೆದು ದಡಕ್ಕೆ ತಂದ. ಕೇಳಿರಲಿಲ್ಲ ನಾನು.

ಇಂದು ಸಂಜೆ ತೀರ್ಪು ಹೊರಬಿತ್ತು. ಅಮ್ಮ ಮತ್ತು ಮಾಮ ಕೆರೆಯ ಬಂಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಡೇರೆಯ ಹಿಂದೆ ಹಗ್ಗ ಬಿಗಿಯುವ ನೆಪದಲ್ಲಿ ಕಿವಿ ಬಿಗಿದು ಕುಳಿತಿದ್ದೆ.

“ಅಣ್ಣ, ತಪ್ಪು ತಿಳ್ಕೋಬೇಡ. ನನ್ನ ಕೈಲಿ ಆಗಲ್ಲ.”

“ಏನಾದ್ರೂ ಮಾಡ್ತಾ ಅದು?”

“ಏನೂ ಮಾಡ್ಲಿಲ್ಲ. ಅದೇ ನನಗೆ ಭಯ.”

 ಅಮ್ಮ ಲೋಟ ಕೆಳಗಿಟ್ಟಳು. “ನೋಡು, ದಿನಾ ಲೈಬ್ರರಿ ಕೌಂಟರ್‌ನಲ್ಲಿ ಕೂತ್ಕೋತೀನಿ. ಎಷ್ಟು ಜನ ಬರ್ತಾರೆ. ಯಾರು ಪುಟ ಹರಿಯೋಕೆ ಬಂದಿದಾರೆ ಅಂತ ಮುಖ ನೋಡಿದ್ರೇ ಗೊತ್ತಾಗತ್ತೆ. ಇದರ ಮುಖದಲ್ಲಿ ನನಗೆ ಏನೂ ಸಿಗಲ್ಲ ಅಣ್ಣ. ಬಿಸ್ಕತ್ತು ಕೊಟ್ರೂ ಅದೇ ಮುಖ, ಗದರಿದ್ರೂ ಅದೇ ಮುಖ. ಒಳಗೆ ಏನಿಟ್ಕೊಂಡಿದೆ ಅಂತ ಹೇಗೆ ಗೊತ್ತಾಗ್ಬೇಕು? ಯಾವತ್ತೋ ಒಂದಿನ ಸುಮ್ನೆ ತಿರುಗಿ ಬಾಯಿ ಹಾಕಿದ್ರೆ? ಈ ನಮ್ಮ ಕತ್ತೆ ಇದಾನಲ್ಲ, ಅವನು ನಾಳೆ ಏನು ಮಾಡ್ತಾನೆ ಅಂತ ಇವತ್ತೇ ಅವನ ಮೂಗು ಹೇಳತ್ತೆ. ಅಂಥದ್ದನ್ನ ಸಾಕಬಹುದು.”

ಮಾಮ ಕನ್ನಡಕ ತೆಗೆದು ಒರೆಸಿದರು. ಅದು ಮೊದಲೇ ಶುಭ್ರವಾಗಿತ್ತು.

“ಸರಿ ಬಿಡಮ್ಮ. ಶುಕ್ರವಾರ ಹೊರಡೋ ಹೊತ್ತಿಗೆ ಪಾರ್ಕಿಂಗ್‌ನೋರಿಗೆ ಫೋನ್ ಮಾಡ್ತೀನಿ. ಮಧ್ಯಾಹ್ನಾನೇ ಬಂದು ಕರ್ಕೊಂಡು ಹೋಗ್ತಾರೆ.”

ಅಂದರೆ ನಾನು ಗೆದ್ದೆ. ಅದೂ ಕೈಕೆಸರಾಗದೆ. (ಮೇಲೆ ಹೇಳಿದ ಕೆಸರನ್ನು ಬಿಟ್ಟು.)

ಮೇ 7, ಬುಧವಾರ, ಬೆಳಿಗ್ಗೆ

ಕೋಣೆ ನನ್ನದು. ವಿಜಯೋತ್ಸವ ಆಚರಿಸಲು ಬಿಸ್ಕತ್ತಿನ ಪೊಟ್ಟಣ ಒಡೆದೆ, ಮೆತ್ತಗಾಗಿತ್ತು. ಚಹಾ ರುಚಿಸಲಿಲ್ಲ. ಕೆರೆಯ ನೀರಿನ ದೋಷವಿರಬೇಕು.

ಸರಪಳಿ ಎಷ್ಟು ಉದ್ದವಿರುತ್ತದೆ ಎಂದು ಮಾಮನನ್ನು ಕೇಳಿದೆ, ಸುಮ್ಮನೆ, ಸಾಮಾನ್ಯ ಜ್ಞಾನಕ್ಕೆ. “ಗೇಟಿನಿಂದ ಗೂಡಿನವರೆಗೆ” ಎಂದರು.

ಅದೇ ದಿನ, ಮಧ್ಯಾಹ್ನ

ಮಹತ್ತರ ಶೋಧ! ಓಡಿ ಬಂದು ಮೊಣಕಾಲ ಮೇಲೆ ಬರೆಯುತ್ತಿರುವುದರಿಂದ ಅಕ್ಷರ ವಕ್ರವಾಗಿದ್ದರೆ ಮುಂದಿನ ಪೀಳಿಗೆ ಕ್ಷಮಿಸಬೇಕು.

ಊಟವಾದ ಮೇಲೆ ಮಾಮ ಮಡಚುವ ಕುರ್ಚಿಯಲ್ಲಿ ಪತ್ರಿಕೆಯನ್ನು ಮೂಗಿಗೆ ಹಿಡಿದು ಕೂತಿದ್ದರು. ಸ್ಟೆಪ್ನಿ ಅವರ ಎದುರಿಗೆ. ಒಂದು ಅಳಿಲು ಮರದಿಂದಿಳಿದು, ಬ್ರೆಡ್ಡಿನ ಪುಡಿ ತಿನ್ನುತ್ತಾ ಅವನ ಬಾಲದವರೆಗೂ ಬಂತು. ಅವನ ಬೆನ್ನಿನ ಕೂದಲು ಎದ್ದು ನಿಂತಿತು. ಹಿಂಗಾಲುಗಳು ನಡುಗಿದವು. ಮೂತಿಯ ತುದಿಯಲ್ಲಿ ಜೊಲ್ಲು. ಇಂಥ ಜೊಲ್ಲನ್ನು ನಾನು ಬಲ್ಲೆ, ಅದು ನನ್ನದೇ ಕುಲದ ಜೊಲ್ಲು. ಆದರೆ ಅವನು ಅಳಿಲನ್ನು ನೋಡುತ್ತಿರಲಿಲ್ಲ. ಮಾಮನ ಬಲಗಾಲಿನ ಷೂ ನೋಡುತ್ತಿದ್ದ.

ಅಳಿಲು ಇನ್ನೊಂದು ಹೆಜ್ಜೆ ಇಟ್ಟಿತು. ಪತ್ರಿಕೆಯಿಂದ ತಲೆಯೆತ್ತದೆಯೇ ಮಾಮನ ಬಲಪಾದ ನೆಲವನ್ನು ಒತ್ತಿತು. ಬ್ರೇಕು! ಸ್ಟೆಪ್ನಿ ಕಲ್ಲಾದ.

ಪರೀಕ್ಷಿಸಲು ನಾನು ತಟ್ಟೆಯೊಂದನ್ನು ಮೇಜಿನ ಅಂಚಿಗೆ ತಳ್ಳಿದೆ. ಪಾದ ಒತ್ತಿತು. ಅಕ್ಕ ಬಂಡೆಯಿಂದ ಬಂಡೆಗೆ ಹಾರಿದಳು. ಪಾದ ಒತ್ತಿತು. ಒಲೆಯ ಮೇಲಿನ ಹಾಲು ಉಕ್ಕಲು ಬಂತು. ಪಾದ ಒತ್ತಿತು. ಪ್ರತಿ ಸಲವೂ ಸ್ಟೆಪ್ನಿ ಮೊದಲು ಷೂ ನೋಡುತ್ತಾನೆ, ಆಮೇಲೆ ಲೋಕ ನೋಡುತ್ತಾನೆ. ಷೂ ಒತ್ತಿದರೆ ಅಲುಗುವುದಿಲ್ಲ. ಮಾಮನಿಗೆ ಇದರ ಅರಿವೇ ಇಲ್ಲ. ಜೀವಮಾನವಿಡೀ ಕಲಿಯುವವರ ಪಕ್ಕದಲ್ಲಿ ಕೂತು ಕೂತು ಆ ಕಾಲಿಗೆ ಬೇರೆಯೇ ಒಂದು ಮನಸ್ಸು ಬಂದುಬಿಟ್ಟಿದೆ.

ಅಂದರೆ ಸ್ಟೆಪ್ನಿ ಒಳ್ಳೆಯ ನಾಯಿಯೇ ಅಲ್ಲ! ಪರಮ ಪೋಲಿ. ಬ್ರೇಕು ಹಾಕಿ ಕೂರಿಸಿದ್ದಾರೆ, ಅಷ್ಟೆ. ಅಮ್ಮ ಒಮ್ಮೆ ಅವನ ನಿಜವಾದ ಮುಖ ನೋಡಿದರೆ ಸಾಕು.

ಇದನ್ನು ನಾನು ಕೇವಲ ಶಾಸ್ತ್ರೀಯ ಕುತೂಹಲದಿಂದ ಬರೆಯುತ್ತಿದ್ದೇನೆ. ಕೆಡಿಸುವ ಯೋಜನೆಯನ್ನು ಅರ್ಧಕ್ಕೆ ಬಿಡುವುದು ನನ್ನ ಸ್ವಭಾವವಲ್ಲ. ಕೋಣೆಯ ಪ್ರಶ್ನೆ ಬೇರೆ. ದೊಡ್ಡ ಪ್ರಯೋಗಶಾಲೆಗಳಲ್ಲೆಲ್ಲ ಒಬ್ಬ ಸಹಾಯಕ ಇದ್ದೇ ಇರುತ್ತಾನೆ.

ಮೇ 8, ಗುರುವಾರ

ಬೆಳಿಗ್ಗೆ ಆ ಕಾಲನ್ನು ನಿವಾರಿಸುವ ಎರಡು ಪ್ರಯತ್ನ ಮಾಡಿದೆ. ಮರಳಿನಲ್ಲಿ ಕಾಲು ಹೂತರೆ ಮಂಡಿನೋವು ಹೋಗುತ್ತದೆಂದು ಮಾಮನನ್ನು ನಂಬಿಸಿ ಮೊಣಕಾಲವರೆಗೆ ಹೂತೆ. ಸ್ಟೆಪ್ನಿಯ ಮುಂದೆ ಬೆಂದ ಮೊಟ್ಟೆ ಉರುಳಿಸಿದೆ. ಮರಳಿನೊಳಗಿಂದ ಹೆಬ್ಬೆರಳು ಹೊರಗೆ ಬಂದು ಬ್ರೇಕು ಹಾಕಿತು. ಆಮೇಲೆ ಮಾಮ ಮಲಗುಚೀಲದಲ್ಲಿ ಮಲಗಿ ಗೊರಕೆ ಹೊಡೆಯುವಾಗ ಜಿಪ್ಪು ಎಳೆದು ಮತ್ತೆ ಮೊಟ್ಟೆ ಉರುಳಿಸಿದೆ. ಚೀಲದ ತುದಿ ಮೊಲದ ಹಾಗೆ ಕುಪ್ಪಳಿಸಿತು. ಮೊಟ್ಟೆ ಕೊನೆಗೆ ನಾನೇ ತಿಂದೆ.

ಬೇರೆ ದಾರಿ ಕಾಣದೆ, ನನ್ನ ವೃತ್ತಿಜೀವನದಲ್ಲಿ ಎಂದೂ ಬಳಸದ ಅಸ್ತ್ರವನ್ನು ಕೈಗೆತ್ತಿಕೊಂಡೆ. ಮಾಮ ಎದ್ದು ಪತ್ರಿಕೆ ಹಿಡಿದು ಕುರ್ಚಿಯಲ್ಲಿ ಕೂತಾಗ, ಮುಂದೆ ನಿಂತು ಆ ಕಾಲಿನ ನಿಜ ಹೇಳಿದೆ.

ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕರು. “ಭೇಷ್ ಅಳಿಯಂದಿರೇ! ಈ ಸಲದ್ದು ಚೆನ್ನಾಗಿದೆ. ಕಾಲು ಎತ್ತಿದ ತಕ್ಷಣ ಕುರ್ಚಿ ಸೀನತ್ತೆ, ಅಲ್ವಾ?”

“ಇಲ್ಲ ಮಾಮ. ನಿಜವಾಗ್ಲೂ.”

“ಹಾಗಾದ್ರೆ ಷೂ ಒಳಗೆ ಏನೋ ಇಟ್ಟಿದೀಯ.”

“ಮಾಮ, ಅಮ್ಮನಾಣೆ.”

“ಹೋದ ವರ್ಷ ಕಾರಿನ ಹಾರ್ನಿಗೆ ಆಡಿನ ದನಿ ಸೇರಿಸಿ ಅಮ್ಮನಾಣೆ ಹಾಕಿದ್ದೆ.”

ಮನುಷ್ಯನಿಗೆ ಹೆಸರು ಒಮ್ಮೆ ಬಂದರೆ ಹೀಗೆ.   “ನಾಳೆ ಅವನನ್ನ ಕಟ್ಟಿ ಹಾಕ್ತಾರೆ ಮಾಮ” ಎಂದೆ, ಅಷ್ಟೇ. ದನಿ ಸ್ವಲ್ಪ ಸೀಳಿತು. ಈ ವಯಸ್ಸಿನಲ್ಲಿ ಹುಡುಗರಿಗೆ ದನಿ ಸೀಳುವುದು ಸಹಜ.

ಮಾಮ ನಗುವುದನ್ನು ನಿಲ್ಲಿಸಿದರು. ನನ್ನ ಮುಖ ನೋಡಿ, ಎರಡೂ ಕಾಲುಗಳನ್ನು ಎತ್ತಿ ಮುಂದಿದ್ದ ಮರದ ದಿಮ್ಮಿಯ ಮೇಲೆ ಇಟ್ಟರು. ನಾನು ಬ್ರೆಡ್ಡಿನ ಚೂರನ್ನು ನೆಲಕ್ಕೆ ಹಾಕಿದೆ.

ಸ್ಟೆಪ್ನಿ ಷೂ ಇದ್ದ ಜಾಗ ನೋಡಿದ. ಇಲ್ಲ. ಕುರ್ಚಿಯ ಕೆಳಗೆ ಇಣುಕಿದ. ಇಲ್ಲ. ಕುರ್ಚಿಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಎಷ್ಟು ಬೇಗ ಎಂದರೆ, ಬ್ರೆಡ್ಡು ಮಾಯ. ಜೊತೆಗೆ ಮಾಮನ ಪತ್ರಿಕೆಯ ಅರ್ಧ ಪುಟವೂ ಮಾಯ. ದೂರದಲ್ಲಿ ನಿಂತು ಬಾಯಲ್ಲಿ ಕಾಗದ ಹಿಡಿದು, ಹಿಡಿ ನೋಡೋಣ ಎನ್ನುವಂತೆ ಬಾಲ ಬೀಸಿದ. ಮಾಮನ ಕಾಲು ದಿಮ್ಮಿಯಿಂದ ಜಾರಿ ನೆಲ ಮುಟ್ಟಿತು. ಅವನು ಕಾಗದ ಉಗುಳಿ ಕುಳಿತ. ಮತ್ತೆ ಅದೇ ಮಾದರಿ ಮುಖ.

“ನಾನು ಕಲಿಸಿದೆ ಅಂತ ತಿಳ್ಕೊಂಡಿದ್ದೆ” ಎಂದರು ಮಾಮ. “ಬರೀ ಬ್ರೇಕ್ ಹಾಕ್ತಿದ್ದೆ.”

“ಅಮ್ಮನ ಮುಂದೆ ಒಂದು ಸಲ ಕಾಲು ಎತ್ತಿ ಮಾಮ.”

“ಊರೆಲ್ಲ ಹೊಗಳೋ ನಾಯಿ ಕಣೋ ಇದು. ನನ್ನ ಹತ್ರ ಇನ್ನು ಉಳಿದಿರೋ ಹೆಸರು ಅದೊಂದೇ.”

ನಾನು ಹರಿದ ಪುಟವನ್ನು ಎತ್ತಿ ಮಾಮನ ಕೈಗೆ ಕೊಟ್ಟೆ.  ನಾಳೆ ಬೆಳಿಗ್ಗೆ ತಿಂಡಿಯಾದ ಮೇಲೆ ಹೊರಡುವುದು. ಮಾಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮೇ 9, ಶುಕ್ರವಾರ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸ್ಥಳ ಕಡಿಮೆ, ಒಂದು ತಲೆ ತೊಡೆಯ ಮೇಲಿರುವುದರಿಂದ ಪುಸ್ತಕವನ್ನು ಎತ್ತಿ ಹಿಡಿಯಬೇಕಾಗಿದೆ.

ಬೆಳಿಗ್ಗೆ ಅಮ್ಮ ಒಲೆಯ ಮುಂದೆ ಕೂತು ಆಮ್ಲೆಟ್ ಮಾಡುತ್ತಿದ್ದಳು. ಅಕ್ಕ ಡೇರೆಯೊಳಗೆ ಬಟ್ಟೆ ತುಂಬುತ್ತಿದ್ದಳು. ಸ್ಟೆಪ್ನಿ ತನ್ನ ಜಾಗದಲ್ಲಿ, ಷೂ ನೋಡುತ್ತಾ. ಮಾಮ ಫೋನು ತೆಗೆದು ಪಾರ್ಕಿಂಗ್‌ನವರ ನಂಬರು ಹುಡುಕಿದರು. ಫೋನನ್ನು ಕಣ್ಣಿಗೆ ಹತ್ತಿರ ತಂದರು, ದೂರ ಹಿಡಿದರು. ಅಕ್ಷರ ಕಾಣಲಿಲ್ಲವೋ ಏನೋ, ಅದನ್ನು ಮೇಜಿನ ಮೇಲಿಟ್ಟರು.

“ತಂಗಿ, ಸ್ವಲ್ಪ ಇಲ್ಲಿ ನೋಡು.”

ಎಂದವರೇ ಸಭೆಯನ್ನುದ್ದೇಶಿಸಿ ಮಾತನಾಡುವವರ ಗಾಂಭೀರ್ಯದಿಂದ ಎರಡೂ ಕಾಲುಗಳನ್ನು ಎತ್ತಿ ಐಸ್ ಪೆಟ್ಟಿಗೆಯ ಮೇಲೆ ಇಟ್ಟರು.

“ಏನಣ್ಣ, ಕಾಲು ನೋವಾ?”

ಅಮ್ಮನ ಮಾತು ಮುಗಿಯಲಿಲ್ಲ. ತಟ್ಟೆಗೆ ಹಾಕಲು ಎತ್ತಿದ್ದ ಆಮ್ಲೆಟ್ ಸೌಟಿನ ಮೇಲಿರಲಿಲ್ಲ. ಸ್ಟೆಪ್ನಿ ಅದನ್ನು ಕಚ್ಚಿಕೊಂಡು, ಬಿಸಿಗೆ ಬಾಯಿ ಅಗಲಿಸಿ, ಕುಣಿಯುತ್ತಾ ಒಲೆಯನ್ನು ಸುತ್ತಿದ, ಮೇಜಿನ ಕೆಳಗೆ ನುಗ್ಗಿದ, ನಡುವೆ ಮೊಟ್ಟಮೊದಲ ಸಲ ಬೊಗಳಿದ (ಆಗ ಆಮ್ಲೆಟ್ ಬಿತ್ತು, ಮತ್ತೆ ಎತ್ತಿಕೊಂಡ), ಹೆಂಗಸರ ಡೇರೆಯ ಹಗ್ಗಕ್ಕೆ ಸಿಕ್ಕಿಕೊಂಡು ಎಳೆದ. ಡೇರೆ ನಿಟ್ಟುಸಿರು ಬಿಟ್ಟು ಅಕ್ಕನ ಮೇಲೆ ಮಲಗಿತು.

“ಲೋ ಕೋತಿ! ನಿನ್ನ ಕೈ ಮುರೀತೀನಿ ಕಣೋ!” ಎಂದು ಬಟ್ಟೆಯ ಗುಡ್ಡ ಕೂಗಿತು.

“ನಾನಲ್ಲ ಕಣೇ!” ಎಂದೆ. ಬದುಕಿನಲ್ಲಿ ಮೊದಲ ಬಾರಿಗೆ ಅದು ನಿಜವಾಗಿತ್ತು, ಯಾರೂ ನಂಬಲಿಲ್ಲ.

ಮಾಮನ ಬಲಗಾಲು ಪೆಟ್ಟಿಗೆಯ ಮೇಲೆ ಒದ್ದಾಡುತ್ತಿತ್ತು. ಅದು ಕೆಳಗಿಳಿಯದಂತೆ ಅವರು ಎರಡೂ ಕೈಯಲ್ಲಿ ಕಣಕಾಲನ್ನು ಹಿಡಿದುಕೊಂಡಿದ್ದರು. ಮುಖ ಕೆಂಪಾಗಿತ್ತು. ನಗುತ್ತಿದ್ದರೋ ಇನ್ನೇನೋ, ಕನ್ನಡಕದ ಹಿಂದೆ ಸರಿಯಾಗಿ ಕಾಣಲಿಲ್ಲ.

ಆಮ್ಲೆಟ್ ಮುಗಿಸಿ ಸ್ಟೆಪ್ನಿ ತಾನಾಗಿ ಹಿಂದಿರುಗಿದ. ಅಮ್ಮನ ಎದುರಿಗೆ ಬಂದು ನಿಂತ. ಮೂಗಿನ ಮೇಲೆ ಮೊಟ್ಟೆಯ ಚೂರು. ಷೂ ಕಡೆ ನೋಡಲಿಲ್ಲ. ಅಮ್ಮನ ಕಡೆಗೂ ನೋಡಲಿಲ್ಲ. ತಲೆ ಒಂದು ಕಡೆ ವಾಲಿಸಿ, ಕೆರೆಯ ಆ ದಡದಲ್ಲಿ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎಂಬಂತೆ ಅತ್ತ ದಿಟ್ಟಿಸಿದ. ಮಡಚಿದ ಕಿವಿ ಇನ್ನಷ್ಟು ಮಡಚಿಕೊಂಡಿತು.

ಅಮ್ಮ ಸೌಟು ಹಿಡಿದುಕೊಂಡೇ ಬಗ್ಗಿ, ಅವನ ಮುಖವನ್ನು ಲೈಬ್ರರಿಯ ಕನ್ನಡಕದ ಮೇಲಿನಿಂದ ನೋಡುವ ಹಾಗೆ ನೋಡಿದಳು. ಎಷ್ಟೋ ಹೊತ್ತು. 

“ಕತ್ತೆ!” ಎಂದಳು.

ನಾನು ಅಭ್ಯಾಸಬಲದಿಂದ “ಏನಮ್ಮ?” ಎಂದೆ.

“ನಿನಗಲ್ಲ.”

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಪಾರ್ಕಿಂಗ್‌ನವರೇ. ಮಾಮ ಕಾಲು ಬಿಡುವ ಹಾಗಿರಲಿಲ್ಲ. ಅಮ್ಮ ಸೌಟನ್ನು ನನ್ನ ಕೈಗೆ ಕೊಟ್ಟು ಫೋನು ಎತ್ತಿದಳು.

“ಹಲೋ, ಹೂಂ, ನಾನು ಅವರ ತಂಗಿ... ನಾಯಿ ವಿಷ್ಯ ಬಿಟ್ಬಿಡಿ ಸಾರ್. ನಿಮಗೆ ಬೇಕಾಗಿರೋದು ಶಿಸ್ತಿನ ನಾಯಿ ಅಲ್ವಾ? ಇದು ಹಾಗಿಲ್ಲ... ಹೌದು, ಎಲ್ರೂ ಹಾಗೇ ಹೇಳ್ತಾರೆ, ಎಲ್ಲ ಸುಳ್ಳು. ಪಕ್ಕಾ ಕಳ್ಳ. ಈಗ ತಾನೇ ನನ್ನ ಕೈಯಿಂದ ಕಿತ್ಕೊಂಡು ಹೋಯ್ತು, ಮುಖ ಬೇರೆ ನೋಡಬೇಕು ನೀವು... ಇಲ್ಲ ಸಾರ್, ಸರಪಳಿ ಹಾಕಿದ್ರೂ ಸರಿಹೋಗೋ ಜಾತಿ ಅಲ್ಲ. ನನಗೆ ಗೊತ್ತು, ನಮ್ಮನೇಲಿ ಇಂಥದ್ದೇ ಇನ್ನೊಂದಿದೆ.”

ಫೋನಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಒಲೆಯ ಮುಂದೆ ಕೂತಳು.

“ಏನು ನೋಡ್ತಾ ನಿಂತಿದೀಯ? ಇನ್ನೊಂದೆರಡು ಮೊಟ್ಟೆ ಒಡಿ.”

“ಯಾರಿಗಮ್ಮ?”

“ಯಾರಿಗೆ ಅಂದ್ರೆ? ಬಿಸಿಬಿಸಿ ತಿಂದು ಬಾಯಿ ಸುಟ್ಕೊಂಡು ಕೂತಿದಾನಲ್ಲ, ಕಾಣಲ್ವಾ? ಈ ಸಲ ಆರಿಸಿ ಕೊಡು.”